ಪ್ರಾಚೀನ ಚೀನಾದ ಕಿರು ಪಾಳೇಗಾರನೊಬ್ಬನ ಚರಿತ್ರೆ ಬರೆಯುವ ಬಗೆ: ಕೊಡಗಿನ ಬರಹಗಾರರಿಗೊಂದು ಕೈಪಿಡಿ

ಹಾನ್ ಸಾಮ್ರಾಜ್ಯವು ಕ್ರಿ.ಶ. 189ರ ನಂತರ ಒಳಗಿನಿಂದಲೇ ಒಡೆಯತೊಡಗಿದಾಗ ಚೀನಾದ ಉದ್ದಗಲಕ್ಕೂ ಹತ್ತಾರು ಸೇನಾನಾಯಕರು ಒಂದೊಂದು ಪಟ್ಟಣವನ್ನೋ ಕಣಿವೆಯನ್ನೋ ಹಿಡಿದು ಕುಳಿತರು. ಅವರಲ್ಲಿ ಮೂರು ಮನೆತನಗಳು ಮುಂದೆ ರಾಜ್ಯ ಕಟ್ಟಿದವು; ಉಳಿದವರು ಆ ಮೂವರ ಕಥೆಯಲ್ಲಿ ಬಂದುಹೋಗುವ ಹೆಸರುಗಳಾದರು. ಹಾಗೆ ಬಂದುಹೋದ ಒಬ್ಬನನ್ನು ಎತ್ತಿಕೊಂಡು, ಊರಿನ ಓದುಬಳಗಕ್ಕೋ ಕಾಲೇಜಿನ ವಾರ್ಷಿಕ ಸಂಚಿಕೆಗೋ ಕನ್ನಡದಲ್ಲಿ ಒಂದು ಜೀವನಚರಿತ್ರೆಯನ್ನು ಬರೆಯಬೇಕಾದರೆ ಕೆಲಸವನ್ನು ಎಲ್ಲಿಂದ ಹಿಡಿಯಬೇಕು, ಏನನ್ನು ನಂಬಬೇಕು, ಏನನ್ನು ಬಿಡಬೇಕು ಎಂಬುದನ್ನು ಇಲ್ಲಿ ವಿವರಿಸುತ್ತೇನೆ. ಮಾದರಿಯಾಗಿ ನಾನ್ಯಾಂಗ್ ಸೀಮೆಯ ವಾನ್ ಪಟ್ಟಣವನ್ನು ಕೆಲವೇ ವರ್ಷ ಆಳಿದ ಜಾಂಗ್ ಶ್ಯೂನನ್ನು ತೆಗೆದುಕೊಂಡಿದ್ದೇನೆ. ಹಾಲೇರಿ ಅರಸರಿಗೆ ಮುಂಚೆ ನಾಡು ನಾಡಿಗೊಬ್ಬ ನಾಯಕನಿದ್ದನೆಂಬ ಮಾತನ್ನು ಕೇಳುತ್ತ ಬೆಳೆದವರಿಗೆ, ಕಾಫಿ ತೋಟಗಳ ನಡುವೆ ಇಂದಿಗೂ ಉಳಿದಿರುವ ಕಡಂಗಗಳನ್ನು ದಾಟಿ ಓಡಾಡುವವರಿಗೆ, ಇಂಥ ಸಣ್ಣ ಒಡೆಯರ ಲೋಕ ತೀರ ಅಪರಿಚಿತವೇನೂ ಅಲ್ಲ.

ಮೊದಲ ಕೆಲಸ ವ್ಯಕ್ತಿಯ ಆಯ್ಕೆ. ಈ ಕಾಲಕ್ಕೆ ಮುಖ್ಯ ಆಕರವು ಚೆನ್ ಶೋ (233–297) ಬರೆದ ‘ಸಾನ್‌ಗುವೋ ಜಿ’, ಅಂದರೆ ಮೂರು ರಾಜ್ಯಗಳ ವೃತ್ತಾಂತ. 65 ಸುರುಳಿಗಳ ಈ ಗ್ರಂಥದ 8ನೆಯ ಸುರುಳಿಯಲ್ಲಿ ಇಬ್ಬರು ಗೊಂಗ್‌ಸುನ್‌ಗಳು, ಒಬ್ಬ ತಾವ್, ನಾಲ್ವರು ಜಾಂಗ್‌ಗಳು ಸಾಲಾಗಿ ಬರುತ್ತಾರೆ. ಎಲ್ಲರೂ ಸೋತವರು, ಶರಣಾದವರು ಅಥವಾ ದೂರದ ಗಡಿಯಲ್ಲಿ ತಮ್ಮಷ್ಟಕ್ಕೆ ತಾವು ಆಳಿಕೊಂಡವರು. ಅವರಿಂದ ಒಬ್ಬನನ್ನು ಆರಿಸುವಾಗ ಎರಡು ಸಂಗತಿಗಳನ್ನು ನೋಡಬೇಕು. ಎಷ್ಟೇ ಚಿಕ್ಕದಾದರೂ ಅವನದೇ ಆದ ವೃತ್ತಾಂತ ಇರಬೇಕು, ಮತ್ತು ಅವನು ಕನಿಷ್ಠ ಇಬ್ಬರು ಮೂವರ ವೃತ್ತಾಂತಗಳಲ್ಲಿ ಬೇರೆ ಬೇರೆ ಕೋನದಿಂದ ಕಾಣಿಸಿಕೊಳ್ಳಬೇಕು. ಎರಡನೆಯದು ಇಲ್ಲದಿದ್ದರೆ ನೀವು ಬರೆಯುವುದು ಚೆನ್ ಶೋವಿನ ಸಾರಾಂಶವಾಗುತ್ತದೆಯೇ ಹೊರತು ಚರಿತ್ರೆಯಾಗುವುದಿಲ್ಲ. ಹಾನ್‌ಜೋಂಗ್ ಕಣಿವೆಯಲ್ಲಿ ಧರ್ಮಗುರುವಾಗಿಯೂ ಒಡೆಯನಾಗಿಯೂ ಇದ್ದು 215ರಲ್ಲಿ ಶರಣಾದ ಜಾಂಗ್ ಲು ಒಳ್ಳೆಯ ವಿಷಯವೇ, ಆದರೆ ಅವನನ್ನು ಬರೆಯಲು ತಾವೋ ಪಂಥದ ಹುಟ್ಟನ್ನೂ ಬರೆಯಬೇಕಾಗುತ್ತದೆ. ಮೊದಲ ಯತ್ನಕ್ಕೆ ಅದು ಭಾರ. ಲೂ ಬುನಂಥ ಪ್ರಸಿದ್ಧನನ್ನು ಬಿಟ್ಟುಬಿಡುವುದು ಮೇಲು. ಅವನ ಮೇಲೆ ನಾಟಕಗಳೂ ಆಟಗಳೂ ಕೂಡಿಸಿದ ಬಣ್ಣವನ್ನು ಕೆರೆಯುವುದರಲ್ಲೇ ನಿಮ್ಮ ಪುಟಗಳು ಮುಗಿಯುತ್ತವೆ.

ಗ್ರಂಥದ ಜೊತೆಗೆ ಪೇಯ್ ಸೋಂಗ್‌ಜಿ 429ರಲ್ಲಿ ಸೇರಿಸಿದ ಟಿಪ್ಪಣಿಗಳನ್ನು ಓದಲೇಬೇಕು. ಚೆನ್ ಶೋ ಮಿತಭಾಷಿ. ಪೇಯ್ ಸೋಂಗ್‌ಜಿಯಾದರೋ ಇಂದು ಕಳೆದುಹೋಗಿರುವ ಎಷ್ಟೋ ಪುಸ್ತಕಗಳಿಂದ ಎತ್ತಿದ ಮಾತುಗಳನ್ನು, ಪರಸ್ಪರ ಒಪ್ಪದವುಗಳನ್ನು ಕೂಡ, ಪಕ್ಕಪಕ್ಕದಲ್ಲೇ ಇಟ್ಟಿದ್ದಾನೆ. ಕಿರು ಪಾಳೇಗಾರನ ಬದುಕಿನ ರಸವತ್ತಾದ ಭಾಗ ಹೆಚ್ಚಾಗಿ ಈ ಟಿಪ್ಪಣಿಗಳಲ್ಲಿರುತ್ತದೆ, ಅನುಮಾನಕ್ಕೆ ಎಡೆಯಾದದ್ದೂ ಅಲ್ಲೇ ಇರುತ್ತದೆ. ಆದ್ದರಿಂದ ಟಿಪ್ಪಣಿ ಮಾಡಿಕೊಳ್ಳುವಾಗ ಯಾವ ಮಾತು ಮೂಲದ್ದು, ಯಾವುದು ಪೇಯ್ ಎತ್ತಿ ಕೊಟ್ಟದ್ದು ಎಂಬುದನ್ನು ಎರಡು ಬೇರೆ ಶಾಯಿಯಲ್ಲಿ ಬರೆದುಕೊಳ್ಳಿ.

ಹೆಸರುಗಳ ವಿಷಯದಲ್ಲಿ ಕೊಡಗಿನ ಓದುಗನಿಗೆ ಒಂದು ಅನುಕೂಲವಿದೆ. ಒಕ್ಕದ ಹೆಸರು ಮೊದಲು, ವ್ಯಕ್ತಿಯ ಹೆಸರು ಆಮೇಲೆ ಎಂಬ ಕ್ರಮ ಇಲ್ಲಿ ಮನೆಮಾತು. ಜಾಂಗ್ ಎಂಬುದು ಮನೆತನ, ಶ್ಯೂ ಎಂಬುದು ಹೆಸರು ಎಂದು ಒಮ್ಮೆ ಹೇಳಿದರೆ ಸಾಕು. ಆದರೆ ಒಬ್ಬನೇ ವ್ಯಕ್ತಿ ಆಕರಗಳಲ್ಲಿ ಹೆಸರಿನಿಂದಲೂ ಪ್ರಾಯಕ್ಕೆ ಬಂದಾಗ ಇಟ್ಟ ಅಡ್ಡಹೆಸರಿನಿಂದಲೂ ಪದವಿಯಿಂದಲೂ ಬರುತ್ತಾನೆ: ಮುಂದೆ ರಾಜ್ಯ ಕಟ್ಟಿದ ಆ ಮೂರು ಮನೆತನಗಳಲ್ಲೊಂದರ ಮೂಲಪುರುಷನಾದ ತ್ಸಾವ್ ತ್ಸಾವ್ ಒಂದೆಡೆ ಮೆಂಗ್‌ದ, ಇನ್ನೊಂದೆಡೆ ತಾಯ್‌ಜು, ಮತ್ತೊಂದೆಡೆ ಬರಿಯ ‘ಪ್ರಭು’. ಕನ್ನಡ ಬರಹದಲ್ಲಿ ಒಂದೇ ರೂಪವನ್ನು ಕೊನೆಯವರೆಗೂ ಉಳಿಸಿಕೊಳ್ಳಿ. ಕಾಲಗಣನೆಗೂ ಇದೇ ಎಚ್ಚರಿಕೆ ಬೇಕು. ಆಕರಗಳು ‘ಜ್ಯಾನ್‌ಆನ್ 2ನೆಯ ವರ್ಷ, ವಸಂತ, ಮೊದಲ ಮಾಸ’ ಎಂಬಂತೆ ಚಾಂದ್ರಮಾಸದಲ್ಲಿ ಹೇಳುತ್ತವೆ. ಜ್ಯಾನ್‌ಆನ್ ಎಂಬುದು ಆಗಿನ ಸಾಮ್ರಾಟನ ಶಕೆಯ ಹೆಸರು. ಅದರ 2ನೆಯ ವರ್ಷ ಹೆಚ್ಚುಕಡಿಮೆ ನಮ್ಮ 197ಕ್ಕೆ ಹೊಂದುತ್ತದೆ, ಆದರೆ ಮೊದಲ ಮಾಸವನ್ನು ಜನವರಿ ಎಂದು ಬರೆದರೆ ತಪ್ಪಾಗುತ್ತದೆ. ಜಾಂಗ್ ಶ್ಯೂ ಹುಟ್ಟಿದ ವರ್ಷವನ್ನು ಚೆನ್ ಶೋ ಕೊಟ್ಟಿಲ್ಲ. ಹಾಗಾಗಿ ‘ಮೂವತ್ತರ ತರುಣ’ ಎಂಬಂಥ ಅಲಂಕಾರಗಳಿಗೆ ಇಲ್ಲಿ ಜಾಗವಿಲ್ಲ.

ಇನ್ನು ಬರವಣಿಗೆಯನ್ನು ಎಲ್ಲಿಂದ ಆರಂಭಿಸಬೇಕು? ಯುದ್ಧದಿಂದ ಬೇಡ, ಕಣಜದಿಂದ ಆರಂಭಿಸಿ ಎಂಬುದು ನನ್ನ ಖಚಿತವಾದ ಅಭಿಪ್ರಾಯ. ಸಣ್ಣ ಪಾಳೇಗಾರನು ತೆಗೆದುಕೊಂಡ ತೀರ್ಮಾನಗಳಲ್ಲಿ ಹೆಚ್ಚಿನವು ಮಹತ್ವಾಕಾಂಕ್ಷೆಯಿಂದ ಹುಟ್ಟಿದವಲ್ಲ, ಸೈನಿಕರಿಗೆ ಮುಂದಿನ ತಿಂಗಳು ಏನು ಉಣಿಸುವುದು ಎಂಬ ಚಿಂತೆಯಿಂದ ಹುಟ್ಟಿದವು. ಆ ದಶಕದ ಹಸಿವು ಎಂಥದ್ದೆಂದರೆ, ಉತ್ತರದ ಪ್ರಬಲ ಯುವಾನ್ ಶಾವ್‌ನ ಸೈನ್ಯ ಹಿಪ್ಪುನೇರಳೆ ಹಣ್ಣು ತಿಂದು ಬದುಕಿತೆಂದೂ, ಯುವಾನ್ ಶುವಿನ ಸೈನ್ಯ ಕೆರೆ ಹೊಳೆಗಳ ಚಿಪ್ಪುಮೀನನ್ನು ನಂಬಿತೆಂದೂ ಪೇಯ್ ಎತ್ತಿದ ಒಂದು ಟಿಪ್ಪಣಿ ಹೇಳುತ್ತದೆ. ಜಾಂಗ್ ಶ್ಯೂನ ಕಥೆಯೂ ಅಲ್ಲಿಂದಲೇ ತಿರುಗುತ್ತದೆ. ಅವನು ವಾಯವ್ಯದ ವೂವೇಯ್ ಸೀಮೆಯ ಜುಲಿ ಎಂಬಲ್ಲಿನವನು. ತಾಲ್ಲೂಕು ಕಚೇರಿಯ ಸಣ್ಣ ನೌಕರನಾಗಿದ್ದಾಗ ದಂಗೆಕೋರನೊಬ್ಬ ತನ್ನ ಅಧಿಕಾರಿಯನ್ನು ಕೊಂದದ್ದಕ್ಕೆ ಪ್ರತಿಯಾಗಿ ಆ ಕೊಲೆಗಾರನನ್ನು ಹೊಂಚುಹಾಕಿ ಕೊಂದು ಹೆಸರು ಗಳಿಸಿದ, ಊರ ಹುಡುಗರನ್ನು ಕೂಡಿಸಿಕೊಂಡು ದಂಡು ಕಟ್ಟಿದ. ದಾಯಾದಿ ಚಿಕ್ಕಪ್ಪನಾದ ಜಾಂಗ್ ಜಿ, ಸಾಮ್ರಾಟನನ್ನು ಕೈಗೊಂಬೆ ಮಾಡಿಕೊಂಡಿದ್ದ ದೋಂಗ್ ಜ್ವೋನ ಸೇನಾನಿಗಳಲ್ಲೊಬ್ಬ. 192ರಲ್ಲಿ ದೋಂಗ್ ಜ್ವೋ ಕೊಲೆಯಾದ ಮೇಲೆ ಈ ದಂಡು ಒಡೆಯನಿಲ್ಲದ ದಂಡಾಯಿತು. 196ರಲ್ಲಿ ಕಾಳು ಮುಗಿದಾಗ ಜಾಂಗ್ ಜಿ ದಕ್ಷಿಣದ ಜಿಂಗ್ ಪ್ರಾಂತ್ಯಕ್ಕೆ ಇಳಿದು, ರಾಂಗ್ ಎಂಬ ಪಟ್ಟಣಕ್ಕೆ ಮುತ್ತಿಗೆ ಹಾಕಿ, ಗುರಿಯಿಲ್ಲದೆ ಬಂದ ಬಾಣ ತಗುಲಿ ಸತ್ತ. ಸೈನ್ಯ ಜಾಂಗ್ ಶ್ಯೂನ ಕೈಗೆ ಬಂತು.

ಇದೇ ಘಟನೆಯ ಮುಂದಿನ ತುಣುಕು ಜಾಂಗ್ ಶ್ಯೂನ ವೃತ್ತಾಂತದಲ್ಲಿಲ್ಲ. ಜಿಂಗ್ ಪ್ರಾಂತ್ಯದ ಒಡೆಯ ಲಿಯು ಬಿಯಾವ್‌ನ ವೃತ್ತಾಂತದಲ್ಲಿ, ಅಂದರೆ 6ನೆಯ ಸುರುಳಿಯಲ್ಲಿದೆ. ಜಾಂಗ್ ಜಿ ಸತ್ತನೆಂದು ಅಧಿಕಾರಿಗಳೆಲ್ಲ ಅಭಿನಂದಿಸಲು ಬಂದಾಗ ಲಿಯು ಬಿಯಾವ್, ಅವನು ಕಷ್ಟಕ್ಕೆ ಸಿಕ್ಕಿ ಬಂದಿದ್ದ, ಮನೆಯವರಾದ ನಾವು ಮರ್ಯಾದೆ ಮಾಡದೆ ಹೊಡೆದಾಟಕ್ಕೆ ಎಡೆಗೊಟ್ಟೆವು, ನಾನು ಸಂತಾಪವನ್ನು ಒಪ್ಪಿಕೊಳ್ಳುತ್ತೇನೆ, ಅಭಿನಂದನೆಯನ್ನಲ್ಲ ಎಂಬರ್ಥದ ಮಾತಾಡಿ, ಆ ದಂಡನ್ನು ಬರಮಾಡಿಕೊಳ್ಳಲು ಜನ ಕಳುಹಿಸಿದ. ಕರುಣೆಯೋ ಲೆಕ್ಕಾಚಾರವೋ, ಫಲ ಒಂದೇ. ಉತ್ತರದ ಬಾಗಿಲನ್ನು ಕಾಯಲು ಲಿಯು ಬಿಯಾವ್‌ನಿಗೆ ಅನುಭವಿ ಪಡೆಯೊಂದು ಸಿಕ್ಕಿತು. ಜಾಂಗ್ ಶ್ಯೂನಿಗೆ ವಾನ್ ಪಟ್ಟಣವೂ ಬೆನ್ನಿಗೊಂದು ಆಸರೆಯೂ ಸಿಕ್ಕವು.

ಈ ಹಂತದಲ್ಲಿ ಬರವಣಿಗೆಯನ್ನು ನಿಲ್ಲಿಸಿ ಒಂದು ನಕ್ಷೆ ಬರೆದುಕೊಳ್ಳಿ. ಕೈಬರಹದ ನಕ್ಷೆ ಸಾಕು: ನಡುವೆ ವಾನ್, ಪಕ್ಕದಲ್ಲಿ ಯು ನದಿ, ದಕ್ಷಿಣಕ್ಕೆ ಶ್ಯಾಂಗ್‌ಯಾಂಗ್‌ನಲ್ಲಿ ಲಿಯು ಬಿಯಾವ್, ಈಶಾನ್ಯಕ್ಕೆ ಶು ಪಟ್ಟಣದಲ್ಲಿ ಸಾಮ್ರಾಟನನ್ನು ತನ್ನ ಬಳಿ ಇಟ್ಟುಕೊಂಡ ತ್ಸಾವ್ ತ್ಸಾವ್, ಅವನಿಗೂ ಆಚೆ ಹಳದಿ ನದಿಯ ಉತ್ತರಕ್ಕೆ ಯುವಾನ್ ಶಾವ್. ತ್ಸಾವ್ ತ್ಸಾವ್ 196ರಲ್ಲೇ ಶು ಸುತ್ತ ಸರ್ಕಾರಿ ಬೇಸಾಯದ ನೆಲೆಗಳನ್ನು ಹಾಕಿಸಿ ಮೊದಲ ವರ್ಷವೇ ಹತ್ತು ಲಕ್ಷ ‘ಹು’ ಅಳತೆಯ ಧಾನ್ಯ ಕೂಡಿಹಾಕಿದ್ದನೆಂದು ಆಕರಗಳು ಹೇಳುತ್ತವೆ. ಒಂದು ಹು ಸುಮಾರು 20 ಲೀಟರ್. ಇಲ್ಲಿ ಕೊಡಗಿನವರಿಗೆ ಜಮ್ಮಾ ಭೂಮಿ ನೆನಪಾಗುವುದು ಸಹಜ, ಆದರೆ ಎರಡನ್ನೂ ಒಂದೇ ಎಂದು ಬರೆದುಬಿಡಬೇಡಿ. ಜಮ್ಮಾ ವಂಶಪಾರಂಪರ್ಯದ ಹಿಡುವಳಿ, ಅರಸನ ಕರೆಗೆ ಓಗೊಡುವ ಕರಾರಿನ ಮೇಲೆ ಕಡಿಮೆ ಕಂದಾಯದಲ್ಲಿ ಬಂದದ್ದು. ಚೀನಾದ ಆ ನೆಲೆಗಳಲ್ಲಿ ಭೂಮಿ ಸರ್ಕಾರದ್ದು; ಸ್ವಂತ ಎತ್ತಿದ್ದವನು ಬೆಳೆಯ ಅರ್ಧವನ್ನು, ಸರ್ಕಾರದ ಎತ್ತು ಪಡೆದವನು ಹತ್ತರಲ್ಲಿ ಆರು ಪಾಲನ್ನು ಕೊಡಬೇಕಾಗಿತ್ತು.

ನಕ್ಷೆಯನ್ನು ಎದುರಿಟ್ಟುಕೊಂಡರೆ ಜಾಂಗ್ ಶ್ಯೂನ ಬದುಕಿನ ಮುಖ್ಯ ಘಟನೆಗಳು ಅವನ ಕಾಳಗಗಳಲ್ಲ, ಅವನ ಎರಡು ಶರಣಾಗತಿಗಳು ಎಂಬುದು ತಾನಾಗಿ ಕಾಣುತ್ತದೆ. ಇಬ್ಬರು ಬಲಿಷ್ಠರ ನಡುವೆ ಸಿಕ್ಕ ಸಣ್ಣ ಒಡೆಯನಿಗೆ ಯಾವಾಗ, ಯಾರಿಗೆ, ಯಾವ ಷರತ್ತಿನ ಮೇಲೆ ತಲೆಬಾಗಬೇಕು ಎಂಬುದೇ ರಾಜಕೀಯ. 1790ರಲ್ಲಿ ದೊಡ್ಡ ವೀರರಾಜೇಂದ್ರನು ಟಿಪ್ಪುವಿಗೆ ಎದುರಾಗಿ ತಲಶ್ಶೇರಿಯ ಇಂಗ್ಲಿಷ್ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡದ್ದನ್ನು ಬಲ್ಲವರಿಗೆ ಈ ಲೆಕ್ಕ ವಿವರಿಸಬೇಕಾಗಿಲ್ಲ. ಆ ಹೋಲಿಕೆಯನ್ನು ನಿಮ್ಮ ಬರಹದಲ್ಲಿ ಒಂದು ವಾಕ್ಯಕ್ಕೆ ಮಿತಿಗೊಳಿಸಿ. ಇಲ್ಲದಿದ್ದರೆ ಓದುಗ ಮಡಿಕೇರಿಯಲ್ಲೇ ಉಳಿದುಬಿಡುತ್ತಾನೆ, ವಾನ್‌ಗೆ ಬರುವುದಿಲ್ಲ.

ಮೊದಲ ಶರಣಾಗತಿ ನಡೆದದ್ದು 197ರ ವಸಂತದಲ್ಲಿ. ಇದನ್ನು ಬರೆಯುವ ಬಗೆಯಲ್ಲೇ ಇಡೀ ಚರಿತ್ರೆಯ ಗುಣಮಟ್ಟ ನಿಂತಿರುವುದರಿಂದ ಸ್ವಲ್ಪ ದೀರ್ಘವಾಗಿ ಹೇಳುತ್ತೇನೆ. 1ನೆಯ ಸುರುಳಿಯಲ್ಲಿ, ಅಂದರೆ ತ್ಸಾವ್ ತ್ಸಾವ್‌ನ ವಾರ್ಷಿಕ ವೃತ್ತಾಂತದಲ್ಲಿ, ಸಂಗತಿ ಬಹಳ ಚಿಕ್ಕದು: ಪ್ರಭು ವಾನ್‌ಗೆ ಬಂದ, ಜಾಂಗ್ ಶ್ಯೂ ಶರಣಾದ, ಆಮೇಲೆ ಪಶ್ಚಾತ್ತಾಪಪಟ್ಟು ಮತ್ತೆ ತಿರುಗಿಬಿದ್ದ, ಪ್ರಭುವಿನ ಸೈನ್ಯ ಸೋತಿತು, ಅವನಿಗೆ ಬಾಣ ತಗುಲಿತು, ಹಿರಿಯ ಮಗ ತ್ಸಾವ್ ಆಂಗ್ ಮತ್ತು ತಮ್ಮನ ಮಗ ಆನ್‌ಮಿನ್ ಸತ್ತರು. ಶರಣಾದವನು ಏಕೆ ಪಶ್ಚಾತ್ತಾಪಪಟ್ಟ ಎಂಬುದಕ್ಕೆ ಅಲ್ಲಿ ಒಂದಕ್ಷರವೂ ಇಲ್ಲ. ಅದೇ ಲೇಖಕ 8ನೆಯ ಸುರುಳಿಯಲ್ಲಿ ಕಾರಣವನ್ನು ಹೇಳುತ್ತಾನೆ: ತ್ಸಾವ್ ತ್ಸಾವ್ ಸತ್ತ ಜಾಂಗ್ ಜಿಯ ಹೆಂಡತಿಯನ್ನು ತನ್ನ ಬಳಿಗೆ ಕರೆಸಿಕೊಂಡ, ಜಾಂಗ್ ಶ್ಯೂ ಕುದಿದ, ಅವನ ಅಸಮಾಧಾನವನ್ನು ಕೇಳಿದ ತ್ಸಾವ್ ತ್ಸಾವ್ ಅವನನ್ನು ಗುಟ್ಟಾಗಿ ಕೊಲ್ಲಿಸಲು ಯೋಚಿಸಿದ, ಗುಟ್ಟು ಹೊರಬಿತ್ತು, ಜಾಂಗ್ ಶ್ಯೂ ಮೊದಲೇ ಎರಗಿದ. ಪೇಯ್ ಎತ್ತಿದ ಒಂದು ಪಾಠ ಇನ್ನೊಂದು ಕಾರಣ ಕೊಡುತ್ತದೆ. ಜಾಂಗ್ ಶ್ಯೂನ ನೆಚ್ಚಿನ ಬಂಟ ಹು ಚೆಅರ್‌ನ ಸಾಹಸವನ್ನು ಮೆಚ್ಚಿ ತ್ಸಾವ್ ತ್ಸಾವ್ ತನ್ನ ಕೈಯಾರೆ ಅವನಿಗೆ ಚಿನ್ನ ಕೊಟ್ಟನಂತೆ, ಇದು ತನ್ನನ್ನು ಕೊಲ್ಲಿಸುವುದಕ್ಕೆ ಕೊಟ್ಟ ಮುಂಗಡವೆಂದು ಜಾಂಗ್ ಶ್ಯೂ ಸಂಶಯಿಸಿದನಂತೆ. ಮತ್ತೊಂದು ಪಾಠ ದಾಳಿಯ ತಂತ್ರವನ್ನು ಹೇಳುತ್ತದೆ: ಬಂಡಿಗಳು ಕಡಿಮೆ, ಹೊರೆ ಹೆಚ್ಚು, ಆದ್ದರಿಂದ ಸೈನಿಕರು ಕವಚವನ್ನು ತೊಟ್ಟುಕೊಂಡೇ ನಿಮ್ಮ ಪಾಳೆಯದ ಮೂಲಕ ಹಾದುಹೋಗಲು ಅಪ್ಪಣೆಯಾಗಬೇಕು ಎಂದು ಕೇಳಿ, ಅಪ್ಪಣೆ ಸಿಕ್ಕೊಡನೆ ಒಳನುಗ್ಗಿದರಂತೆ.

ಐದನೆಯ ನೋಟ 18ನೆಯ ಸುರುಳಿಯಲ್ಲಿ, ಅಂಗರಕ್ಷಕ ದಿಯಾನ್ ವೇಯ್‌ನ ವೃತ್ತಾಂತದಲ್ಲಿದೆ. ಶರಣಾಗತಿಯ ಔತಣದಲ್ಲಿ ತ್ಸಾವ್ ತ್ಸಾವ್ ಒಬ್ಬೊಬ್ಬರ ಮುಂದೆ ಮದ್ಯ ನೀಡುತ್ತ ಹೋದಾಗ ಹಿಂದೆ ದೊಡ್ಡ ಕೊಡಲಿ ಹಿಡಿದು ನಿಂತಿದ್ದ ದಿಯಾನ್ ವೇಯ್, ಯಾರೆದುರು ನಿಂತರೆ ಅವರತ್ತ ಕೊಡಲಿ ಎತ್ತಿ ದುರುಗುಟ್ಟುತ್ತಿದ್ದ. ಔತಣ ಮುಗಿಯುವ ತನಕ ಜಾಂಗ್ ಶ್ಯೂ ಆಗಲಿ ಅವನ ಸರದಾರರಾಗಲಿ ತಲೆಯೆತ್ತಿ ನೋಡಲಿಲ್ಲ. ಚೆನ್ ಶೋ ಇದನ್ನು ಬರೆದದ್ದು ಬಂಟನ ಪರಾಕ್ರಮವನ್ನು ಹೊಗಳಲು. ನೀವು ಅದನ್ನು ಮೇಜಿನ ಆಚೆ ಬದಿಯಿಂದ ಓದಬೇಕು. ಶರಣಾದವರನ್ನು ಅತಿಥಿಗಳೆಂದು ಕೂರಿಸಿ ಕೊಡಲಿ ತೋರಿಸಿದ ಆ ಸಂಜೆಯನ್ನು ವಿಧವೆಯ ಸಂಗತಿಯೊಡನೆ ಸೇರಿಸಿದರೆ, 1ನೆಯ ಸುರುಳಿಯ ‘ಪಶ್ಚಾತ್ತಾಪ’ ಎಂಬ ಮಾತಿನ ಒಳಗೇನಿತ್ತು ಎಂಬುದು ತಿಳಿಯುತ್ತದೆ. ಈ ಐದನ್ನೂ ಒಂದೇ ಕಥೆಯಾಗಿ ನೇಯ್ದುಬಿಡುವ ಆಸೆಯನ್ನು ತಡೆದುಕೊಳ್ಳಿ. ವಿಧವೆಯ ಕಾರಣ ಮೂಲಗ್ರಂಥದ್ದು, ಚಿನ್ನದ ಕಾರಣ ಟಿಪ್ಪಣಿಯದು ಎಂದು ಸ್ಪಷ್ಟವಾಗಿ ಹೇಳಿ, ನಿಮಗೆ ಯಾವುದು ಬಲವಾಗಿ ಕಾಣುತ್ತದೆಂಬುದನ್ನು ಸೂಚಿಸಿ ಮುಂದಕ್ಕೆ ಹೋಗಿ. ನನಗೆ ಮೊದಲನೆಯದೇ ಬಲವಾಗಿ ಕಾಣುತ್ತದೆ. ಗೆದ್ದವನ ಮನೆತನ ಆಳಿದ ಕಾಲಕ್ಕೆ ಹತ್ತಿರದವನೇ ಆದ ಲೇಖಕ ಆ ಮನೆತನದ ಮೂಲಪುರುಷನಿಗೆ ಮುಜುಗರ ತರುವ ಸಂಗತಿಯನ್ನು ಕಾರಣವಿಲ್ಲದೆ ಬರೆದಿರಲಾರ.

ಆ ಹೆಂಗಸಿಗೆ ಚರಿತ್ರೆಯಲ್ಲಿ ಹೆಸರಿಲ್ಲ. ಸಾವಿರಕ್ಕೂ ಹೆಚ್ಚು ವರ್ಷಗಳ ಬಳಿಕ ಬಂದ ಪ್ರಸಿದ್ಧ ಕಾದಂಬರಿ ಅವಳಿಗೆ ಜೋ ಎಂಬ ಮನೆತನದ ಹೆಸರು ಕೊಟ್ಟಿತು. ದಿಯಾನ್ ವೇಯ್‌ಗೆ ಕುಡಿಸಿ ಅವನ ಆಯುಧಗಳನ್ನು ಕದ್ದ ಪ್ರಸಂಗವೂ ಆ ಕಾದಂಬರಿಯದೇ. ಅಂತರ್ಜಾಲದಲ್ಲಿ ಸಿಗುವ ಬರಹಗಳಲ್ಲಿ ಚರಿತ್ರೆಯೂ ಕಾದಂಬರಿಯೂ ಹೀಗೆ ಬೆರೆತುಹೋಗಿರುವುದರಿಂದ, ಹೆಸರು, ಸಂಭಾಷಣೆ, ಕಳವು, ಕನಸು ಇವು ಎಲ್ಲಿ ಕಂಡರೂ 8ನೆಯ ಮತ್ತು 18ನೆಯ ಸುರುಳಿಗಳಲ್ಲಿ ಇವೆಯೇ ಎಂದು ಪರೀಕ್ಷಿಸದೆ ಬರೆಯಬಾರದು.

ಸೋತು ಹಿಂದೆ ಸರಿದ ತ್ಸಾವ್ ತ್ಸಾವ್ ತನ್ನ ಸರದಾರರಿಗೆ ಹೇಳಿದ ಮಾತು 1ನೆಯ ಸುರುಳಿಯಲ್ಲಿ ಉಳಿದಿದೆ: ಶರಣಾದವರಿಂದ ಕೂಡಲೇ ಒತ್ತೆಯಾಳುಗಳನ್ನು ತೆಗೆದುಕೊಳ್ಳದೆ ಹೋದದ್ದೇ ತಪ್ಪಾಯಿತು ಎಂಬುದು ಅದರ ತಿರುಳು. ಮಗ ಸತ್ತಿದ್ದಾನೆ, ಆ ಮಗ ತನ್ನ ಕುದುರೆಯನ್ನು ತಂದೆಗೆ ಬಿಟ್ಟುಕೊಟ್ಟು ಸತ್ತನೆಂದು ಒಂದು ಟಿಪ್ಪಣಿ ಹೇಳುತ್ತದೆ. ಆದರೂ ಅವನು ಎತ್ತಿದ್ದು ಆಡಳಿತದ ಮಾತು. ಸಣ್ಣ ಒಡೆಯರ ಬದುಕು ಎಂಥ ಪದ್ಧತಿಗೆ ಸಿಕ್ಕಿತ್ತು ಎಂಬುದನ್ನು ತಿಳಿಸಲು ಈ ಮಾತನ್ನು ತಪ್ಪದೆ ಬಳಸಿ. ಶರಣಾಗತಿ ಎಂದರೆ ಮಗನನ್ನೋ ತಮ್ಮನನ್ನೋ ಗೆದ್ದವನ ಊರಿಗೆ ಕಳುಹಿಸುವುದು. ಕಳುಹಿಸದಿದ್ದರೆ ಆ ಶರಣಾಗತಿಗೆ ಬೆಲೆಯಿಲ್ಲ.

198ರ ಘಟನೆಯನ್ನು ಬರೆಯುವಾಗಲೂ ಎರಡು ಸುರುಳಿಗಳನ್ನು ಪಕ್ಕಪಕ್ಕ ಇಡಿ. ತ್ಸಾವ್ ತ್ಸಾವ್ ರಾಂಗ್ ಪಟ್ಟಣವನ್ನು ಮುತ್ತಿ, ಲಿಯು ಬಿಯಾವ್‌ನ ಸಹಾಯಪಡೆ ಬಂದಾಗ ಹಿಮ್ಮೆಟ್ಟಿದ. ದಾರಿಯಲ್ಲಿ ಆನ್‌ಜೋಂಗ್ ಎಂಬಲ್ಲಿ ರಾತ್ರೋರಾತ್ರಿ ಸುರಂಗ ಕೊರೆಸಿ ಸಾಮಾನು ಸಾಗಿಸಿ, ಬೆನ್ನಟ್ಟಿ ಬಂದವರನ್ನು ಹೊಂಚಿನಲ್ಲಿ ಹೊಡೆದ ಎಂದು 1ನೆಯ ಸುರುಳಿ ವಿಜಯಘೋಷ ಮಾಡಿ ಸುಮ್ಮನಾಗುತ್ತದೆ. 10ನೆಯ ಸುರುಳಿಯಲ್ಲಿ, ಜಾಂಗ್ ಶ್ಯೂನ ಮಂತ್ರಾಲೋಚಕ ಜ್ಯಾ ಶುವಿನ ವೃತ್ತಾಂತದಲ್ಲಿ, ಕಥೆ ಮುಂದುವರಿಯುತ್ತದೆ. ಬೆನ್ನಟ್ಟಬೇಡ ಎಂದಿದ್ದ ಜ್ಯಾ ಶು, ಸೋತು ಬಂದ ಒಡೆಯನಿಗೆ ಈಗ ಬೆನ್ನಟ್ಟು ಎಂದ. ಚದುರಿದ ಸೈನ್ಯವನ್ನೇ ಕೂಡಿಸಿಕೊಂಡು ಹೋದ ಜಾಂಗ್ ಶ್ಯೂ ಈ ಬಾರಿ ಗೆದ್ದು ಬಂದ. ಜ್ಯಾ ಶು ಕೊಟ್ಟ ಕಾರಣ ಹೀಗಿದೆ: ಹಿಮ್ಮೆಟ್ಟುವಾಗ ತ್ಸಾವ್ ತ್ಸಾವ್ ತಾನೇ ಹಿಂಬದಿ ಕಾಯುತ್ತಾನೆ, ಅವನಿಗೆ ನೀವು ಸಾಟಿಯಲ್ಲ, ಬಲ ಕುಂದದೆಯೂ ಹೊರಟಿದ್ದಾನೆಂದರೆ ಊರಲ್ಲೇನೋ ತೊಂದರೆಯಾಗಿದೆ, ಆದ್ದರಿಂದ ಒಮ್ಮೆ ಗೆದ್ದ ಮೇಲೆ ಹಿಂಬದಿಯನ್ನು ಬೇರೆಯವರಿಗೊಪ್ಪಿಸಿ ಧಾವಿಸುತ್ತಾನೆ, ಆ ಬೇರೆಯವರಿಗೆ ನೀವು ಮಿಗಿಲು. ಗೆದ್ದವನ ವೃತ್ತಾಂತದಲ್ಲಿ ಈ ಎರಡನೆಯ ಬೆನ್ನಟ್ಟುವಿಕೆಯೇ ಇಲ್ಲ. 10ನೆಯ ಸುರುಳಿಯನ್ನು ತೆರೆಯದ ಬರಹಗಾರನಿಗೆ ಜಾಂಗ್ ಶ್ಯೂ ಬರಿಯ ಸೋತವನಾಗಿ ಕಾಣುತ್ತಾನೆ. ಜ್ಯಾ ಶುವೂ ವೂವೇಯ್ ಸೀಮೆಯವನೇ ಎಂಬುದನ್ನು ಗುರುತಿಸಿ ಹೇಳಿ; ತವರಿನಿಂದ ದೂರ ಬಂದ ಇಬ್ಬರು ಒಂದೇ ಸೀಮೆಯವರು, ಒಡೆಯನೇ ಮಂತ್ರಿಗೆ ಮನೆಯ ಹಿರಿಯನಿಗೆ ಮಾಡುವ ಮರ್ಯಾದೆ ಮಾಡುತ್ತಿದ್ದ.

ಎರಡನೆಯ ಶರಣಾಗತಿ 199ರ ಚಳಿಗಾಲದ್ದು. ಯುವಾನ್ ಶಾವ್‌ನ ದೂತ ಬಂದು ಮೈತ್ರಿ ಕೇಳಿದ. ಜಾಂಗ್ ಶ್ಯೂ ಒಪ್ಪುವುದರಲ್ಲಿದ್ದಾಗ ಜ್ಯಾ ಶು ಸಭೆಯಲ್ಲೇ ದೂತನನ್ನು ಹಂಗಿಸಿ ಕಳುಹಿಸಿದ. ಅವನು ಕೊಟ್ಟ ಸಲಹೆ ತ್ಸಾವ್ ತ್ಸಾವ್‌ನ ಕಡೆಗೆ ಹೋಗುವುದು. ಸಾಮ್ರಾಟ ಅವನ ಬಳಿಯಿದ್ದಾನೆ. ಬಲಿಷ್ಠನಾದ ಯುವಾನ್ ನಮ್ಮ ಸಣ್ಣ ಪಡೆಗೆ ಬೆಲೆ ಕೊಡುವುದಿಲ್ಲ, ದುರ್ಬಲನಾದ ತ್ಸಾವ್ ಸಂತೋಷದಿಂದ ಕೊಡುತ್ತಾನೆ. ದೊಡ್ಡ ಗುರಿಯುಳ್ಳವನು ಸ್ವಂತ ಹಗೆಯನ್ನು ಬಿಟ್ಟು ನಾಲ್ಕು ಜನರಿಗೆ ತನ್ನ ಔದಾರ್ಯ ತೋರಿಸುತ್ತಾನೆ. ಮೂರರಲ್ಲಿ ಎರಡನೆಯ ಕಾರಣಕ್ಕೆ ನಿಮ್ಮ ಬರಹದಲ್ಲಿ ಹೆಚ್ಚು ಜಾಗ ಕೊಡಿ, ಏಕೆಂದರೆ ಕಿರು ಪಾಳೇಗಾರನ ಚೌಕಾಸಿಯ ಗುಟ್ಟೆಲ್ಲ ಅದರಲ್ಲಿದೆ. ತ್ಸಾವ್ ತ್ಸಾವ್ ಬಂದವನ ಕೈಹಿಡಿದು ಔತಣ ಮಾಡಿದ, ತನ್ನ ಮಗ ತ್ಸಾವ್ ಜುನ್‌ಗೆ ಜಾಂಗ್ ಶ್ಯೂನ ಮಗಳನ್ನು ತಂದುಕೊಂಡ. ಎರಡು ವರ್ಷದ ಹಿಂದೆ ಮರೆತ ಒತ್ತೆಯನ್ನು ಈ ಬಾರಿ ಮದುವೆಯ ರೂಪದಲ್ಲಿ ಪಡೆದ ಎಂದೇ ನಾನು ಓದುತ್ತೇನೆ.

ಅಲ್ಲಿಂದ ಮುಂದಿನ ಎಂಟು ವರ್ಷಗಳನ್ನು ಬೇಗ ದಾಟಿಸಬಹುದು. 200ರಲ್ಲಿ ಯುವಾನ್ ಶಾವ್‌ನ ಎದುರು ಗ್ವಾನ್‌ದು ಕಾಳಗ, 205ರಲ್ಲಿ ನಾನ್‌ಪಿಯಲ್ಲಿ ಅವನ ಮಗ ಯುವಾನ್ ತಾನ್‌ನ ಸೋಲು, ಎರಡರಲ್ಲೂ ಜಾಂಗ್ ಶ್ಯೂ ಕೆಲಸ ಮಾಡಿ ತೋರಿಸಿದ. ಉಂಬಳಿ 2,000 ಮನೆಗಳಿಗೆ ಏರಿತು. ಈ ಅಂಕಿಯನ್ನು ಒಂಟಿಯಾಗಿ ಬರೆದರೆ ಅರ್ಥವಿಲ್ಲ. ದೇಶದ ಮನೆವಾರು ಲೆಕ್ಕ ಹತ್ತರಲ್ಲೊಂದಕ್ಕೆ ಇಳಿದಿದ್ದ ಆ ದಿನಗಳಲ್ಲಿ ಬೇರೆ ಸರದಾರರ ಉಂಬಳಿ 1,000 ಮನೆಯನ್ನೂ ಮುಟ್ಟಿರಲಿಲ್ಲ ಎಂದು ಚೆನ್ ಶೋ ಹೇಳಿದ ಮಾತನ್ನೂ ಜೊತೆಗೇ ಕೊಡಬೇಕು. 207ರಲ್ಲಿ ಈಶಾನ್ಯದ ವೂಹ್ವಾನ್ ಬುಡಕಟ್ಟಿನವರ ಮೇಲಿನ ದಂಡಯಾತ್ರೆಯಲ್ಲಿ ಗುರಿ ಮುಟ್ಟುವ ಮೊದಲೇ ಅವನು ತೀರಿಕೊಂಡ ಎಂಬುದು ಮೂಲಗ್ರಂಥದ ಮಾತು. ತ್ಸಾವ್ ತ್ಸಾವ್‌ನ ಇನ್ನೊಬ್ಬ ಮಗ ತ್ಸಾವ್ ಪಿ, ನನ್ನಣ್ಣನನ್ನು ಕೊಂದವನು ಯಾವ ಮುಖ ಹೊತ್ತು ಓಡಾಡುತ್ತೀಯೆ ಎಂಬಂತೆ ಚುಚ್ಚಿದ್ದರಿಂದ ಅವನು ಆತ್ಮಹತ್ಯೆ ಮಾಡಿಕೊಂಡನೆಂಬುದು ಟಿಪ್ಪಣಿಯ ಮಾತು. ಈ ತ್ಸಾವ್ ಪಿ ಹತ್ತು ವರ್ಷದ ಹುಡುಗನಾಗಿ ವಾನ್‌ನಿಂದ ಕುದುರೆಯೇರಿ ತಪ್ಪಿಸಿಕೊಂಡೆನೆಂದು ತಾನೇ ಬರೆದುಕೊಂಡವನು, ಆದ್ದರಿಂದ ಆ ಹಗೆ ನಂಬಲರ್ಹ. ಆದರೆ ಸಾವಿನ ಕಾರಣವನ್ನು ನಿರ್ಧರಿಸುವ ಮಟ್ಟಕ್ಕೆ ಆ ಟಿಪ್ಪಣಿಯನ್ನು ಎಳೆಯಬಾರದು. ಎರಡನ್ನೂ ಎರಡು ವಾಕ್ಯಗಳಲ್ಲಿ, ಯಾವುದು ಎಲ್ಲಿಯದೆಂದು ತಿಳಿಸಿ ಬರೆಯಿರಿ.

ವಂಶದ ಸಂಗತಿಯನ್ನು ಒಂದು ವಾಕ್ಯಕ್ಕೆ ಇಳಿಸಿದರೂ ಬಿಡಬೇಡಿ: ಉಂಬಳಿಗೆ ಬಂದ ಮಗ ಜಾಂಗ್ ಚ್ವಾನ್, 219ರಲ್ಲಿ ವೇಯ್ ಫೆಂಗ್ ಎಂಬವನು ಹೂಡಿದ ಪಿತೂರಿಯಲ್ಲಿ ಸಿಕ್ಕಿ ತಲೆದಂಡ ತೆತ್ತ, ಉಂಬಳಿ ಸರ್ಕಾರಕ್ಕೆ ಸೇರಿತು. ಕರಡು ಮುಗಿದ ಮೇಲೆ ಒಬ್ಬ ಸ್ನೇಹಿತರ ಕೈಯಲ್ಲಿ ಜೋರಾಗಿ ಓದಿಸಿ, ಜಾಂಗ್‌ಗಳಲ್ಲಿ ಯಾರು ಯಾರೆಂಬ ಗೊಂದಲ ಎಲ್ಲಿ ಹುಟ್ಟುತ್ತದೋ ಅಲ್ಲಿ ಸರ್ವನಾಮವನ್ನು ತೆಗೆದು ಪೂರ್ತಿ ಹೆಸರನ್ನು ಹಾಕಿ. ನಕ್ಷೆಯನ್ನು ಮೊದಲ ಪುಟದಲ್ಲೇ ಅಚ್ಚುಹಾಕಿಸಿ.